ಸುದೀಪನ ಪಾಲು

ಬಿಳಿಚೋಡು
11 ಆಗಸ್ಟ್ 2024

ಪವಿತ್ರ ಮೇಡಂ ಅವರಿಗೆ ನಮಸ್ಕಾರಗಳು.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾವುದೋ ಸಂಘದವರ ಕಾಗದ ಎಂದು ಪಕ್ಕಕ್ಕಿಟ್ಟುಬಿಡುತ್ತೀರಿ. ನನ್ನ ಹೆಸರು ಚೈತ್ರಶ್ರೀ. ಜನವರಿಯಲ್ಲಿ ದಾವಣಗೆರೆಯ ಆಸ್ಪತ್ರೆಯಲ್ಲಿ, ತಿಂಗಳು ತುಂಬದೆ ಹುಟ್ಟಿದ ಒಂದು ಹೆಣ್ಣುಕೂಸಿಗೆ ನೀವು ಹಾಲು ಕೊಟ್ಟಿರಲ್ಲ, ಆ ಕೂಸಿನ ತಾಯಿ ನಾನು. ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆಗ ನಾನು ಮೇಲಿನ ಮಹಡಿಯ ಐಸಿಯುನಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದೆ. ನನ್ನ ಅತ್ತೆ ಗಾದ್ರಮ್ಮನವರನ್ನು ನೋಡಿದ್ದೀರಿ. ಹಸಿರು ಸೀರೆ, ಬಾಯಲ್ಲಿ ಎಲೆ ಅಡಿಕೆ, ವಾರ್ಡಿನ ಸಿಸ್ಟರುಗಳ ಜತೆ ದಿನಾ ಜಗಳ. ಅವರೇ.

ನಿಮಗೆ ಎಷ್ಟೋ ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಕೊನೆಗೆ ಶಿವಲೀಲಾ ಸಿಸ್ಟರನ್ನು ಕಾಡಿ ಬೇಡಿ ವಿಳಾಸ ಇಸಿದುಕೊಂಡೆ. "ಬರೆದು ನೋಡಮ್ಮ. ಓದಿದ್ರೆ ಓದ್ತಾರೆ, ಇಲ್ಲಾಂದ್ರೆ ಇಲ್ಲ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಇದೇ ಮೊದಲು ಪೆನ್ನು ಹಿಡಿದದ್ದು, ಅಕ್ಷರ ಕ್ಷಮಿಸಿ.

ಮೇಡಂ, ಅವಳು ಕೂತಳು! ನಿನ್ನೆ ಸಂಜೆ! ಯಾರೂ ಕೂರಿಸಿದ್ದಲ್ಲ, ತಾನಾಗಿಯೇ! ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿಸಿ ಒಲೆಯ ಕಡೆ ತಿರುಗಿದ್ದೆ. ಮತ್ತೆ ನೋಡಿದರೆ ತಾಲ್ಲೂಕಾಫೀಸಿನ ಸಾಹೇಬರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾಳೆ. ನಾನು ಕಿರುಚಿದ ರಭಸಕ್ಕೆ ನಮ್ಮ ಮನೆಯವರು, ಓಬಳೇಶ್, ಟ್ರ್ಯಾಕ್ಟರ್ ಪಾನಾ ಹಿಡಿದುಕೊಂಡೇ ಒಳಗೆ ನುಗ್ಗಿದರು. "ಎಲ್ಲೈತೆ ಹಾವು? ಎಲ್ಲೈತೆ?" ಅಂತ. ಹಾವಲ್ಲ, ನಿಮ್ಮ ಮಗಳು ಎಂದೆ. ಅವರು ಪಾನಾ ಕೆಳಗಿಟ್ಟು ಅವಳ ಎದುರು ತಾವೂ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೇ ನೋಡಿದ್ದು.

ಆಸ್ಪತ್ರೆಯಿಂದ ಮನೆಗೆ ತಂದಾಗ ಎರಡು ಅಂಗೈಯಲ್ಲಿ ಹಿಡಿಸುತ್ತಿದ್ದಳು. ಈಗ ಬಂದು ನೋಡಿ! ತೊಡೆಯಲ್ಲಿ ಮಡಿಕೆ ಬಿದ್ದಿದೆ. ಹೆಸರು ಹಾಲಮ್ಮ. ಅತ್ತೆ ಇಟ್ಟದ್ದು. ನಾನು ಹಾರಿಕಾ ಎಂದು ಇಡಬೇಕೆಂದಿದ್ದೆ. "ಅದು ಉಂಡು ಬದುಕಿದ್ದು ಹಾಲು. ಹಾರಿಕೆ ಅಲ್ಲ" ಎಂದು ಅತ್ತೆ ಒಂದೇ ಮಾತಿಗೆ ಮುಗಿಸಿದರು. ಶಾಲೆಗೆ ಸೇರಿಸುವಾಗ ನೋಡೋಣ ಎಂದು ಸುಮ್ಮನಿದ್ದೇನೆ.

ಒಂದು ಸಲ ಬನ್ನಿ ಮೇಡಂ. ಅವಳನ್ನು ನೀವು ನೋಡಬೇಕು. ದಾವಣಗೆರೆಯಿಂದ ಜಗಳೂರಿನ ಬಸ್ಸು ಹತ್ತಿದರೆ ನಮ್ಮೂರು ದಾರಿಯಲ್ಲೇ ಸಿಗುತ್ತದೆ. ಸ್ಟ್ಯಾಂಡಿಗೆ ನಾನೇ ಬಂದು ನಿಂತಿರುತ್ತೇನೆ.

ನಿಮ್ಮ ದಾರಿ ಕಾಯುವ,
ಚೈತ್ರಶ್ರೀ


ನ್ಯಾಮತಿ
29 ಆಗಸ್ಟ್ 2024

ಚೈತ್ರಶ್ರೀ ಅವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಪವಿತ್ರಳ ಗಂಡ, ವಿನಯ್ ಕುಮಾರ್. ಇಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಅವಳು ಗೋವಿನಕೋವಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ.

ಅವಳು ಉತ್ತರ ಬರೆಯುತ್ತಾಳೆಂದು ಕಾದೆ. ಬರೆಯಲಿಲ್ಲ. ನೀವು ಬೇಸರ ಮಾಡಿಕೊಳ್ಳಬಾರದೆಂದು ನಾನೇ ಬರೆಯುತ್ತಿದ್ದೇನೆ.

ನಮ್ಮ ಮಗ ಮೂರು ದಿನ ಇದ್ದ. ನಿಮಗೆ ಗೊತ್ತಿರಬಹುದು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದವನು. ಊರಿನವರ ಮಕ್ಕಳನ್ನೆಲ್ಲ ಫೋಟೊ ಹಿಡಿಯುವ ನಾನು ಅವನದೊಂದು ಫೋಟೊ ಹಿಡಿಯಲಿಲ್ಲ. ನಾಳೆ ಹಿಡಿದರಾಯಿತು ಎಂದುಕೊಂಡಿದ್ದೆ.

ಚರ್ಚಿನಲ್ಲಿ ಹಬ್ಬಕ್ಕೆ ಹಾಡಲು, ಪ್ರಾರ್ಥನೆಗೆ ಮುಂದೆ ನಿಲ್ಲಲು ಪವಿತ್ರಳೇ ಮೊದಲಿರುತ್ತಿದ್ದಳು. ಈಗ ಭಾನುವಾರ ಬಂದರೆ ಹಿಂದಿನ ಬೆಂಚಿನಲ್ಲಿ ಕೂತು, ಕೊನೆಯ ಹಾಡಿಗೆ ಮುಂಚೆ ಎದ್ದು ಬರುತ್ತಾಳೆ.

ನಿಮ್ಮ ಕಾಗದ ಓದಿದಳು. ಪಾನಾ ಹಿಡಿದು ಓಡಿಬಂದರು ಎಂಬಲ್ಲಿ ಅವಳ ತುಟಿ ಸ್ವಲ್ಪ ಅಲುಗಿದ್ದನ್ನು ನಾನು ನೋಡಿದೆ. ಆದ್ದರಿಂದ ಬರೆಯಬೇಡಿ ಎನ್ನಲು ನನಗೆ ಮನಸ್ಸಿಲ್ಲ.

ಬನ್ನಿ ಎಂದು ಮಾತ್ರ ಕೇಳಬೇಡಿ.

ಕ್ರಿಸ್ತನಲ್ಲಿ ವಂದನೆಗಳೊಂದಿಗೆ,
ವಿನಯ್ ಕುಮಾರ್


ಬಿಳಿಚೋಡು
6 ಅಕ್ಟೋಬರ್ 2024

ಪ್ರೀತಿಯ ಪವಿತ್ರ ಮೇಡಂ,

ಹಲ್ಲು! ಕೆಳಗೆ ಎರಡು! ಅಕ್ಕಿಕಾಳಿನಷ್ಟು! ನನಗೆ ಗೊತ್ತಾದದ್ದು ಹೇಗೆ ಅಂದುಕೊಂಡಿರಿ, ನನ್ನ ಬೆರಳು ಕಚ್ಚಿ! ರಕ್ತ ಬರಲಿಲ್ಲ, ಬಂದಿದ್ದರೂ ಕುಣಿಯುತ್ತಿದ್ದೆ. ಪಕ್ಕದ ಮನೆಯ ಕೆಂಪಕ್ಕ ಬಂದು ಅವಳ ಬಾಯಿ ತೆರೆಸಿ ನೋಡಿ, "ಅಲೆಲೆ, ನಾಳಿಕೇ ರೊಟ್ಟಿ ಕಡಿಯಾಕೆ ನಿಂತಾಳಲ್ಲೇ ಇವಳು!" ಎಂದು ದೃಷ್ಟಿ ತೆಗೆದು ಹೋದರು.

ಅಂಬೆಗಾಲೂ ಬಂತು. ಹಿಂದಕ್ಕೆ ಮಾತ್ರ. ಮುಂದೆ ಇರುವ ಗೊಂಬೆ ಬೇಕೆಂದು ಹೊರಟು ಹಿಂದೆ ಹಿಂದೆ ಸರಿದು ಮಂಚದ ಕೆಳಗೆ ಸೇರಿಕೊಂಡು ಅಲ್ಲಿಂದ ಕೂಗುತ್ತಾಳೆ. ನಮಗೆ ನಕ್ಕು ನಕ್ಕು ಸಾಕಾಗುತ್ತದೆ.

ಈಗ ಅತ್ತೆಯ ಸುದ್ದಿ. ನನ್ನ ಪಕ್ಕ ಕೂತು ಬರೆಸುತ್ತಿದ್ದಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ: "ಪವಿತ್ರಮ್ಮಾರೆ, ಚೆನ್ನಾಗದೀರಾ. ಕೂಸೂ ಸೊಸೆನೂ ಉಳಿದ್ರೆ ದುರುಗಮ್ಮಗೆ ಒಂದು ಮರಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ. ಮರಿ ತಂದು ಕಟ್ಟೀನಿ. ಬಿಳೀದು, ಒಂದ್ ಕಿವಿ ಕರೀದು. ನೀವು ಬರದೆ ಆ ಹರಕೆ ತೀರ್ಸಲ್ಲ. ನಿಮ್ ಋಣ ಇಟ್ಕಂಡು ಸಾಯಾಕೆ ನನ್ನ ಕೈಯಾಗೆ ಆಗಲ್ಲ."

ಅವರು ಎದ್ದು ಹೋದರು, ಈಗ ನಾನು. ಬನ್ನಿ ಎಂದು ಕೇಳಬೇಡಿ ಅಂತ ಸರ್ ಬರೆದಿದ್ದಾರೆ, ನಾನು ಕೇಳುತ್ತಿಲ್ಲ. ಕೇಳಿದ್ದು ಅತ್ತೆ. ನಿಮ್ಮವರಲ್ಲಿ ಹರಕೆಯ ಊಟ ಮಾಡುತ್ತಾರೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ಮಾಡದಿದ್ದರೆ ಹೋಳಿಗೆ ಮಾಡುತ್ತೇನೆ.

ನಿಮ್ಮ ತ್ಯಾಗವನ್ನು ನಾವು ಏಳು ಜನ್ಮಕ್ಕೂ ಮರೆಯುವುದಿಲ್ಲ ಮೇಡಂ.

ಇಂತಿ ನಿಮ್ಮ ಹಾಲಮ್ಮನ ತಾಯಿ,
ಚೈತ್ರಶ್ರೀ


ಚನ್ನಗಿರಿ
17 ನವೆಂಬರ್ 2024

ಚೈತ್ರಶ್ರೀ,

ಅಣ್ಣನ ಮನೆಯಲ್ಲಿದ್ದೇನೆ. ಸ್ವಲ್ಪ ದಿನ ಇದ್ದು ಹೋಗು ಎಂದು ಕರೆಸಿಕೊಂಡಿದ್ದಾರೆ. ನಿಮ್ಮ ಎರಡೂ ಪತ್ರ ಜತೆಯಲ್ಲೇ ಇವೆ.

ಮರಿ ಸಾಕಬೇಡಿ. ನನ್ನ ಹೆಸರಿನಲ್ಲಿ ಏನೂ ಮಾಡಬೇಡಿ. ಮುಖ್ಯವಾಗಿ ಆ ಮಾತು ಬೇಡ, ತ್ಯಾಗ. ನಮ್ಮ ಪಾಸ್ಟರ್ ಕೂಡ ಸಭೆಯಲ್ಲಿ ಹಾಗೇ ಹೇಳಿದರು. ನನ್ನ ಕಡೆ ಕೈ ತೋರಿಸಿ, ನೋಡಿರಿ ಎಂಥ ತ್ಯಾಗ ಎಂದರು. ಎಲ್ಲರೂ ತಿರುಗಿ ನೋಡಿದರು. ನೆಲ ಬಾಯಿ ತೆರೆಯಬಾರದೇ ಅನ್ನಿಸಿತು.

ನಡೆದದ್ದು ಇಷ್ಟು. ನನಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿದ್ದರು, ಎದ್ದು ಓಡಾಡುವ ಹಾಗಿರಲಿಲ್ಲ. ವಿನಯ್ ಒಬ್ಬರೇ ಮಗುವನ್ನು ನ್ಯಾಮತಿಗೆ ಕೊಂಡೊಯ್ದು ಮಣ್ಣು ಮಾಡಿ ಬಂದರು. ಅದೇ ಸಂಜೆ ನನಗೆ ಹಾಲು ಇಳಿಯಿತು. ಮೈಗೆ ಸುದ್ದಿ ತಲುಪಿರಲಿಲ್ಲ. ಎದೆ ಕಲ್ಲಾಗಿ, ಜ್ವರ ಬಂದು, ರವಿಕೆಯೆಲ್ಲ ಒದ್ದೆ. ಹಾಲು ಬತ್ತಿಸುವ ಮಾತ್ರೆ ತಂದ ಶಿವಲೀಲಾ ಸಿಸ್ಟರ್ ಅದನ್ನು ಕೈಯಲ್ಲೇ ಇಟ್ಟುಕೊಂಡು, "ಒಳಗೆ ಒಂದು ಕೂಸೈತೆ" ಎಂದರು. ಹಿಂಡಿ ಕೊಟ್ಟೆ. ಕೂಸಿಗೆ ಕುಡಿಸುವ ಒಳಲೆಯಲ್ಲಿ ತೆಗೆದುಕೊಂಡು ಹೋದರು. ಇಲ್ಲದಿದ್ದರೆ ಅದು ಬಚ್ಚಲಿಗೆ ಹೋಗುತ್ತಿತ್ತು. ಇದರಲ್ಲಿ ನಾನು ಬಿಟ್ಟುಕೊಟ್ಟದ್ದು ಏನು?

ನಾನು ಏನನ್ನೂ ಕೊಟ್ಟಿಲ್ಲ. ನನ್ನಿಂದ ಹೋಯಿತು, ಅಷ್ಟೆ. ಮಗನೂ ಹಾಗೇ. ದೇವರು ತನ್ನ ಮಗನನ್ನೇ ಕೊಟ್ಟನು ಎಂದು ಸಭೆಯಲ್ಲಿ ಓದುವಾಗ ನನಗೆ ಒಳಗೇ ಕೋಪ ಬರುತ್ತದೆ. ಆತನಾದರೂ ಕೊಟ್ಟನು. ನನ್ನನ್ನು ಯಾರು ಕೇಳಿದರು?

ನಿಮ್ಮ ಮಗಳು ಕೂತಳು ಎಂದು ಓದಿದಾಗ ಅವನೂ ಈಗ ಕೂರುತ್ತಿದ್ದ ಎಂದುಕೊಂಡೆ. ಹಲ್ಲು ಎಂದಾಗ ಅವನ ಹಲ್ಲು. ಅವಳ ಮೇಲೆ ನನಗೆ ಏನೂ ಸಿಟ್ಟಿಲ್ಲ, ಅವಳು ಬದುಕಲಿ, ಚೆನ್ನಾಗಿ ಬದುಕಲಿ. ನನಗೆ ನೋಡುವ ಶಕ್ತಿ ಇಲ್ಲ. ನಿಮ್ಮ ಅತ್ತೆಗೆ ಹೇಳಿ, ಯಾವ ಋಣವೂ ಇಲ್ಲ.

ಪವಿತ್ರ


ಬಿಳಿಚೋಡು
30 ಡಿಸೆಂಬರ್ 2024

ಅಕ್ಕಾ,

ಮೇಡಂ ಎಂದು ಬರೆಯಲು ಕೈ ಬರುತ್ತಿಲ್ಲ, ಅಕ್ಕ ಎನ್ನುತ್ತೇನೆ. ಬೇಡವಾದರೆ ಹೇಳಿ.

ನಿಮ್ಮ ಪತ್ರ ಓದಿ ಬಹಳ ದಿನ ಏನೂ ಬರೆಯಲಾಗಲಿಲ್ಲ. ಹಲ್ಲು, ಅಂಬೆಗಾಲು ಎಂದು ಕುಣಿಕುಣಿದು ಬರೆದೆನಲ್ಲ, ನನ್ನ ಬುದ್ಧಿಗಿಷ್ಟು. ಅತ್ತೆಗೂ ಓದಿ ಹೇಳಿದೆ. ಅವರು ಎಲೆ ಅಡಿಕೆ ಉಗುಳಿ ಬಂದು, "ಇನ್ನೊಂದ್ ಸಲ ಓದು" ಎಂದರು. ಓದಿದೆ. ಎದ್ದು ಹೋಗಿ ಮರಿಗೆ ಸೊಪ್ಪು ಹಾಕಿದರು. ಅಂದಿನಿಂದ ಆ ಮಾತೇ ಎತ್ತಿಲ್ಲ.

ಈಗ ನಾನೊಂದು ಹೇಳುತ್ತೇನೆ, ನಮ್ಮ ಮನೆಯವರಿಗೂ ಹೇಳಿಲ್ಲ. ನನಗೆ ಎಚ್ಚರವಾದಾಗ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, "ಮಗಳು ಹುಟ್ಟ್ಯಾಳೆ, ಉಳಿದಾಳೆ, ಯಾರೋ ಪುಣ್ಯಾತ್ಮಗಿತ್ತಿ ಹಾಲು ಕೊಡಾಕೆ ಹತ್ಯಾಳೆ" ಎಂದರು. ಸಂತೋಷವಾಯಿತು ಅಂದುಕೊಂಡಿರಾ? ಹೊಟ್ಟೆ ಉರಿಯಿತು ಅಕ್ಕಾ. ನನ್ನ ಮಗಳಿಗೆ ನನಗಿಂತ ಮುಂಚೆ ನೀವು ಉಣಿಸಿದಿರಿ. ನನ್ನ ಎದೆಯಲ್ಲಿ ಒಂದು ಹನಿ ಇರಲಿಲ್ಲ. ಅವಳನ್ನು ಕೈಗೆ ಕೊಟ್ಟಾಗ ಬೇರೆಯವರ ಕೂಸಿನ ಹಾಗೆ ಹಿಡಿದುಕೊಂಡೆ. ಮನೆಗೆ ಬಂದ ಮೇಲೂ ಬಹಳ ದಿನ ನಿಮ್ಮ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದೆ. ನಮ್ಮ ಸಂಬಂಧಿಯೊಬ್ಬರು "ಯಾವ ಜಾತಿಯವರ ಹಾಲೋ ಏನೋ" ಎಂದಾಗ ಅತ್ತೆ, "ನೋಡೀನಿ ಕಣಪ್ಪ, ಬೆಳ್ಳಗೇ ಇತ್ತು" ಎಂದು ಅವರ ಬಾಯಿ ಮುಚ್ಚಿಸಿದರು. ನಾನು ಸುಮ್ಮನೆ ಕೂತಿದ್ದೆ.

ಒಂದು ದಿನ ಎಣ್ಣೆ ಹಚ್ಚುವಾಗ ಅವಳು ನನ್ನ ಮುಖ ನೋಡಿ ನಕ್ಕಳು. ಅಷ್ಟೇ. ಆ ನಗು ನಾನು ದುಡಿದು ತಂದದ್ದಲ್ಲ, ನಾನು ಮಾಡಿದ್ದು ಏನೂ ಇಲ್ಲ, ಎಲ್ಲ ಮುಗಿದ ಮೇಲೆ ಎದ್ದು ಬಂದು ಅವಳನ್ನು ಎತ್ತಿಕೊಂಡವಳು ನಾನು. ಹಾಗೇ ಎತ್ತಿಕೊಳ್ಳಬೇಕು, ಬೇರೆ ದಾರಿಯೇ ಇಲ್ಲ ಅನ್ನಿಸಿತು. ಆಮೇಲೆ ನಿಮಗೆ ಫೋನ್ ಮಾಡಲು ಶುರುಮಾಡಿದ್ದು.

ನೀವು ಕೊಟ್ಟಿಲ್ಲ ಎನ್ನುತ್ತೀರಿ. ಇರಲಿ. ನಾವು ಮಾತ್ರ ತೆಗೆದುಕೊಂಡಿದ್ದೇವೆ.

ಬರುವ ತಿಂಗಳು ಅವಳಿಗೆ ವರ್ಷ ತುಂಬುತ್ತದೆ. ನಿಮಗೆ ಅದು ಎಂಥ ತಿಂಗಳೆಂದು ಗೊತ್ತು. ನಾವು ಕೇಕು ಗೀಕು ಏನೂ ತರುವುದಿಲ್ಲ.

ನಿಮ್ಮ ತಂಗಿ,
ಚೈತ್ರಶ್ರೀ


ನ್ಯಾಮತಿ
9 ಫೆಬ್ರವರಿ 2025

ಚೈತ್ರಾ,

ನಿನ್ನ ಅತ್ತೆ ಬಂದಿದ್ದರು! ನಿನಗೆ ಗೊತ್ತೋ ಇಲ್ಲವೋ ಎಂದು ನಮಗೆ ಅನುಮಾನ. ಕೇಳಿದರೆ "ಮನೆಯಾಗೆ ಎಲ್ಲರಿಗೂ ಗೊತ್ತೈತೆ" ಎಂದು ಆಕಾಶ ನೋಡಿದರು.

ಹೋದ ವಾರ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದೆ. ನಮ್ಮ ಸ್ಟುಡಿಯೊ ಮುಂದೆ ಜನ. ವಿನಯ್ ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದಾರೆ. ಒಳಗೆ ಮಕ್ಕಳ ಫೋಟೊಗೆಂದು ಇಟ್ಟ ಕೆಂಪು ಕುರ್ಚಿಯ ಮೇಲೆ ಹಸಿರು ಸೀರೆಯ ಗಾದ್ರಮ್ಮ, ತೊಡೆಯ ಮೇಲೆ ಕುರಿಮರಿ! ಬಿಳಿಚೋಡಿನಿಂದ ದಾವಣಗೆರೆ, ದಾವಣಗೆರೆಯಿಂದ ಹೊನ್ನಾಳಿ, ಹೊನ್ನಾಳಿಯಿಂದ ಇಲ್ಲಿಗೆ, ಮೂರು ಬಸ್ಸು, ಒಬ್ಬರೇ! ಹೊನ್ನಾಳಿಯಲ್ಲಿ ಕಂಡಕ್ಟರ್ ಇಳಿಸಲು ನೋಡಿದನಂತೆ. "ಏನಜ್ಜಿ ಇದು, ಬಸ್ಸೋ ಹಟ್ಟಿಯೋ?" ಎಂದನಂತೆ. "ಹರಕೆ ಮರಿ ಐತಪ್ಪ, ಇಳಿಸಿ ನೋಡು" ಎಂದರಂತೆ ಇವರು. ಅವನು ತೆಪ್ಪಗೆ ಮುಂದೆ ಹೋದನಂತೆ.

ಒಳಗೆ ಕರೆದುಕೊಂಡು ಬಂದೆ. ಈಗ ಕೈಮುಗಿಯುತ್ತಾರೆ, ಕಾಲಿಗೆ ಬೀಳುತ್ತಾರೆ ಎಂದು ಹೆದರಿದ್ದೆ. ಅವರು ನೀರು ಕುಡಿದು, ಮರಿಗೂ ಕುಡಿಸಿ, ನನ್ನ ಮುಖ ನೋಡಿ ಕೇಳಿದರು: "ಮಗನ್ನ ಎಲ್ಲಿ ಮಲಗ್ಸೀರಿ?"

ಚೈತ್ರಾ, ಒಂದು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಎಲ್ಲರೂ ಸಮಾಧಾನ ಹೇಳಿದರು.

ಹೊನ್ನಾಳಿ ರಸ್ತೆಯಲ್ಲಿರುವ ನಮ್ಮ ಸಮಾಧಿ ಜಾಗಕ್ಕೆ ಮೂವರೂ ನಡೆದೆವು, ಮರಿಯೂ ಸೇರಿ ನಾಲ್ವರು. ಅವರು ಗೇಟಿನಲ್ಲೇ ಚಪ್ಪಲಿ ಬಿಟ್ಟರು. ಗೋಡೆಯ ಪಕ್ಕದ ಆ ಪುಟ್ಟ ದಿಬ್ಬ ತೋರಿಸಿದೆ.

"ಹೆಸರೇನು?"

"ಸುದೀಪ್."

ಆ ಹೆಸರನ್ನು ಬಾಯಿ ಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ. ಅವನಿಗೆ ದೀಕ್ಷಾಸ್ನಾನ ಕೊಟ್ಟದ್ದೂ ಆಸ್ಪತ್ರೆಯಲ್ಲೇ, ಗಡಿಬಿಡಿಯಲ್ಲಿ. ಹೆಸರು ಕೇಳಿದವರು ನಾವಿಬ್ಬರು, ಪಾಸ್ಟರ್, ಅಷ್ಟೇ.

ಅವರು ಮಣ್ಣಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಎದುರಿಗೆ ದೊಡ್ಡ ಹುಡುಗನೇ ಕೂತಿದ್ದಾನೆ ಎನ್ನುವ ಹಾಗೆ ಮಾತಾಡಿದರು. "ಏನಪ್ಪಾ ಸುದೀಪಾ, ನಾನು ಬಿಳಿಚೋಡಿನ ಗಾದ್ರಮ್ಮ. ನಿನ್ನ ಪಾಲಿಂದು ನಮ್ಮ ಹಾಲಮ್ಮ ಉಂಡಾಳೆ. ಇಲ್ಲ ಅನ್ನಾಕೆ ಆಗಲ್ಲ. ಅವಳು ಈಗ ಹಲ್ಲು ಬಂದು, ಗೋಡೆ ಹಿಡ್ಕಂಡು ನಿಲ್ತಾಳೆ. ಇದನ್ನ ತೀರ್ಸಾಕೆ ನಂಗೊಂದ್ ಮರಿ ಸಾಕು ಅಂದ್ಕಂಡಿದ್ದೆ, ಹುಚ್ಚಿ. ತೀರಲ್ಲಪ್ಪ ಇದು. ತೀರ್ಸಾಕೆ ಬಂದಿಲ್ಲ. ಉಂಡಾಳೆ ಅಂತ ಹೇಳಿ ಹೋಗಾಕೆ ಬಂದೆ."

ವಿನಯ್ ಅತ್ತರು. ಆ ದಿನ ಮಣ್ಣು ಮಾಡಿ ಬಂದವರು ಅಳದೆ ಗಟ್ಟಿಯಾಗಿದ್ದರಲ್ಲ, ಈಗ ಮಗುವಿನ ಹಾಗೆ ಅತ್ತರು. ನಾನು ಹೇಳಿದೆ, ಅಮ್ಮಾ, ನಾನು ಏನೂ ಕೊಟ್ಟವಳಲ್ಲ, ಚೆಲ್ಲಿಹೋಗಬೇಕಾದ್ದು ಅದು. ಗಾದ್ರಮ್ಮ ನನ್ನ ಕಡೆ ತಿರುಗಿದರು. ಜಗಳಕ್ಕೇ ನಿಂತರು!

"ಮೊದಲ್ನೇ ದಿನ ಹಂಗೇ ಇರಬೋದು. ಆಮೇಲೆ ಡಾಕ್ಟ್ರು ಮನೆಗೆ ಹೋಗಮ್ಮ ಅಂದ್ರಲ್ಲ, ಹೋದ್ರಾ ನೀವು? ದಾವಣಗೇರ್‍ಯಾಗೇ ಯಾರದೋ ಮನೆಯಾಗೆ ಉಳ್ಕಂಡು, ದಿನಾ ಆಟೋದಾಗೆ ಬಂದ್ರಿ. ಹೊಟ್ಟೆ ಹೊಲಿಗೆ ಹಸಿ ಇತ್ತು, ಮೆಟ್ಲು ಹತ್ತುವಾಗ ಗೋಡೆ ಹಿಡೀತಿದ್ರಿ. ನಾ ನೋಡಿಲ್ಲಾ? ಅದೂ ಚೆಲ್ಲಿದ್ದಾ?"

ಅದು ನನಗೆ ಮರೆತೇ ಹೋಗಿತ್ತು, ಚೈತ್ರಾ. ನಿಜವಾಗಿಯೂ. ಯಾಕೆ ಹೋಗುತ್ತಿದ್ದೆನೋ. ಒಳಗಿನ ಕೂಸಿನ ತೂಕ ಹೆಚ್ಚಿತೇ ಎಂದು ಶಿವಲೀಲಾ ಸಿಸ್ಟರನ್ನು ದಿನಾ ಕೇಳುತ್ತಿದ್ದೆ. ಹೆಚ್ಚಿತು ಎಂದರೆ ಮೆಟ್ಟಿಲು ಇಳಿಯುವಾಗ ನೋವು ಕಡಿಮೆ ಇರುತ್ತಿತ್ತು.

ಅಷ್ಟರಲ್ಲಿ ಮರಿ ಪಕ್ಕದ ಗೋರಿಯ ಸೇವಂತಿ ಹಾರವನ್ನು ಪೂರಾ ತಿಂದು ಮುಗಿಸಿತ್ತು! ಅದು ನಮ್ಮ ಸಭೆಯ ಹಿರಿಯರೊಬ್ಬರ ಗೋರಿ. ನಾನು ಅಳುತ್ತಾ ಇದ್ದವಳು ನಗಲು ಶುರುಮಾಡಿದೆ, ನಿಲ್ಲಿಸಲಾಗಲಿಲ್ಲ, ಗಾದ್ರಮ್ಮನೂ ನಕ್ಕರು. ಸಮಾಧಿ ಜಾಗದಲ್ಲಿ ಇಬ್ಬರು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುವುದನ್ನು ರಸ್ತೆಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ನೋಡಿದರು.

ಮರಿಯನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ದುರುಗಮ್ಮನಿಗೆ ಹೇಳಿ ಬಂದಿದ್ದಾರಂತೆ: "ಜೀವ ಉಳಿಸಿದ್ದಕ್ಕೆ ಇನ್ನೊಂದ್ ಜೀವ ತೆಗಿಯಾಕೆ ಮನಸಿಲ್ಲವ್ವಾ, ನೀನೇ ಒಪ್ಕೋ." ಒಪ್ಪಿದಳಾ ಎಂದು ಕೇಳಿದೆ. "ಹೂ ಬಿತ್ತಲ್ಲ ಬಲಕ್ಕೆ" ಎಂದರು. ಈಗ ಅದು ಸ್ಟುಡಿಯೊದ ಪರದೆ ಜಗಿಯುತ್ತದೆ. ನ್ಯಾಮತಿಯ ಮಕ್ಕಳಿಗೆಲ್ಲ ಅದರ ಜತೆ ಫೋಟೊ ಬೇಕು. ವಿನಯ್‌ಗೆ ಕೈತುಂಬಾ ಕೆಲಸ.

ಅವಳು ಗೋಡೆ ಬಿಟ್ಟು ನಿಂತಳೇ? ಬರೆ. ತಡ ಮಾಡಬೇಡ.

ನಿನ್ನ ಅಕ್ಕ,
ಪವಿತ್ರ


ಬಿಳಿಚೋಡು
16 ಫೆಬ್ರವರಿ 2025

ಅಕ್ಕಾ ಅಕ್ಕಾ ಅಕ್ಕಾ!

ಯಾರಿಗೂ ಗೊತ್ತಿರಲಿಲ್ಲ! "ಜಗಳೂರಾಗೆ ನನ್ ತಂಗಿ ಮಗಳಿಗೆ ಮರಿ ಕೊಟ್ಟು ಬರ್ತೀನಿ" ಎಂದು ಹೊರಟವರು ಮಾರನೆಯ ದಿನ ಬಂದರು. ನಾವು ನಂಬಿದೆವು! ನಿಮ್ಮ ಪತ್ರ ಓದುತ್ತಾ ಓದುತ್ತಾ ನಾನು ತಲೆ ಎತ್ತಿ ನೋಡಿದರೆ ಅತ್ತೆ ಮೆಲ್ಲಗೆ ಹಿತ್ತಲ ಕಡೆ ಜಾರುತ್ತಿದ್ದಾರೆ! ನಮ್ಮ ಮನೆಯವರು ಅಡ್ಡ ನಿಂತು, "ಅವ್ವಾ, ನಂಗೆ ಹೇಳಿದ್ರೆ ಗಾಡಿ ಮಾಡ್ಕಂಡು ಕರ್ಕಂಡು ಹೋಗ್ತಿದ್ನಲ್ಲ" ಎಂದರು. "ನೀ ಬಂದಿದ್ರೆ ಥ್ಯಾಂಕ್ಸು ಗೀಂಕ್ಸು ಅಂತ ಕೆಡಿಸ್ತಿದ್ದೆ" ಎಂದರು ಅತ್ತೆ.

ಅಕ್ಕಾ, ನಾನು ಮಗುವಿಗೆ ಅವಳಣ್ಣನ ಹೆಸರು ಹೇಳಿಕೊಡುತ್ತಿದ್ದೇನೆ. "ಸುಪ" ಎನ್ನುತ್ತಾಳೆ. ಅಷ್ಟೇ ಬರುತ್ತದೆ. ಹೇಳಿಕೊಡಬಹುದಾ ಎಂದು ನಿಮ್ಮನ್ನು ಕೇಳಬೇಕಿತ್ತು, ಕೇಳುವ ಮುಂಚೆಯೇ ಬಾಯಿಗೆ ಬಂದುಬಿಟ್ಟಿತು.

ಗೋಡೆ ಬಿಟ್ಟಳು. ಒಂದು ಗಳಿಗೆ ನಿಂತಳು, ತಾನೇ ಚಪ್ಪಾಳೆ ತಟ್ಟಿದಳು, ತಟ್ಟಿದ್ದಕ್ಕೇ ಬಿದ್ದಳು.

ನಿಮ್ಮ ತಂಗಿ,
ಚೈತ್ರಾ


ನ್ಯಾಮತಿ
20 ಏಪ್ರಿಲ್ 2025, ಪುನರುತ್ಥಾನದ ಹಬ್ಬ

ಪ್ರೀತಿಯ ಚೈತ್ರಾ,

ಹೇಳಿಕೊಡು. ಸುಪ ಎಂದೇ ಕರೆಯಲಿ.

ಇಂದು ಹೊತ್ತು ಮೂಡುವಾಗ ಹೊನ್ನಾಳಿಯ ಸಭೆಯಲ್ಲಿ ಆರಾಧನೆ ಇತ್ತು. ಸಾಸ್ವೆಹಳ್ಳಿಯ ಕಡೆಯಿಂದ ಒಬ್ಬ ಅಜ್ಜಿ ಬರುತ್ತಾರೆ, ಕಣ್ಣು ಮಂಜು. ಹಬ್ಬದ ಪಾಠವನ್ನು ಅವರ ಪಕ್ಕ ಕೂತು ನಾನು ಮೆಲ್ಲಗೆ ಓದಿ ಹೇಳಬೇಕಾಯಿತು. ನಿನಗೆ ಈ ಕಥೆ ಗೊತ್ತಿರಲಿಕ್ಕಿಲ್ಲ. ಯೇಸುವನ್ನು ಸಮಾಧಿ ಮಾಡಿದ ಮೂರನೆಯ ದಿನ, ಬೆಳಗಿನ ಜಾವ, ಕೆಲವು ಹೆಂಗಸರು ಸುಗಂಧದ್ರವ್ಯ ಹಿಡಿದುಕೊಂಡು ಸಮಾಧಿಗೆ ಹೋಗುತ್ತಾರೆ, ದೇಹಕ್ಕೆ ಹಚ್ಚಬೇಕೆಂದು. ಸತ್ತವನಿಗೆ ತಾವು ಕೊಡಬಹುದಾದ ಕೊನೆಯದು ಅದು. ಹೋಗಿ ನೋಡಿದರೆ ಕಲ್ಲು ಉರುಳಿದೆ, ದೇಹವಿಲ್ಲ. ಆತನು ಎದ್ದಿದ್ದಾನೆ ಎಂಬ ಸುದ್ದಿ ಮಾತ್ರ ಇದೆ. ಅವರು ಹೆದರಿ ಅಲ್ಲಿಂದ ಓಡುತ್ತಾರೆ.

ಚಿಕ್ಕಂದಿನಿಂದ ಕೇಳಿದ ಕಥೆ. ಇವತ್ತು ಓದುವಾಗ ನನಗೆ ಹೊಳೆದದ್ದು ಬೇರೆ. ಅವರ ಕೈಯಲ್ಲಿದ್ದ ಆ ದ್ರವ್ಯ ಏನಾಯಿತು? ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಕೊಡಲು ಬಂದವರು ಕೊಡಲಾಗದೆ, ಬರೀ ಪಡೆದುಕೊಂಡು ವಾಪಸು ಹೋದರು. ಅದಕ್ಕೇ ಅವರು ಹೆದರಿ ಓಡಿದ್ದು ಅನ್ನಿಸಿತು. ನಾನೂ ಹಾಗೇ ಓಡಿದವಳು. ನನ್ನ ದುಃಖವೇ ಸುದೀಪನಿಗೆ ನಾನು ಕೊಡುವುದು ಎಂದು ಹಿಡಿದುಕೊಂಡಿದ್ದೆ. ಅದನ್ನು ಕೆಳಗಿಟ್ಟರೆ ಅವನನ್ನೇ ಬಿಟ್ಟಂತೆ ಎಂದು ಹೆದರಿದ್ದೆ. ಅವನನ್ನು ಯಾಕೆ ತೆಗೆದುಕೊಂಡೆ ಎಂದು ದೇವರನ್ನು ಈಗಲೂ ಕೇಳುತ್ತೇನೆ, ಉತ್ತರ ಇನ್ನೂ ಬಂದಿಲ್ಲ. ಆದರೆ ಅವನ ಪಾಲು ಉಂಡ ಒಂದು ಜೀವ ಬಿಳಿಚೋಡಿನಲ್ಲಿ ಚಪ್ಪಾಳೆ ತಟ್ಟಿ ಬೀಳುತ್ತಿದೆ. ನಾನು ಅದನ್ನು ನೋಡದೆ ಯಾಕೆ ಕೂತಿದ್ದೇನೆ?

ಓದುವುದನ್ನು ನಾನು ನಿಲ್ಲಿಸಿಬಿಟ್ಟಿದ್ದೆ. ಅಜ್ಜಿ ನನ್ನ ಮೊಣಕೈ ತಿವಿದು, "ಆಮೇಲೇನಾತು, ಓದವ್ವಾ" ಎಂದರು.

ಬರುತ್ತೇನೆ ಚೈತ್ರಾ! ಮೇ ನಾಲ್ಕು, ಭಾನುವಾರ, ಇಬ್ಬರೂ. ಮನೆಗೆ ಬಂದು ವಿನಯ್‌ಗೆ ಹೇಳಿದಾಗ ಅವರು ಕ್ಯಾಮೆರಾ ಒರೆಸಲು ಕೂತವರು ಇನ್ನೂ ಎದ್ದಿಲ್ಲ. ಆರತಿ ಗೀರತಿ ಬೇಡ. ಊರವರನ್ನು ಕರೆಯಬೇಡ. ಅವಳು ನನ್ನ ಹತ್ತಿರ ಬರದಿದ್ದರೆ ಬಲವಂತ ಮಾಡಬೇಡ. ನನಗೆ ಭಯವಿದೆ, ಆದರೂ ಬರುತ್ತೇನೆ.

ನಿನ್ನ ಅಕ್ಕ,
ಪವಿತ್ರ


ನ್ಯಾಮತಿ
7 ಮೇ 2025

ಮುದ್ದಿನ ಚೈತ್ರಾ,

ಸುಖವಾಗಿ ತಲುಪಿದೆವು. ಊರವರನ್ನು ಕರೆಯಬೇಡ ಎಂದರೆ ಓಣಿಯನ್ನೇ ಕರೆದಿದ್ದೀಯಲ್ಲ! ಕೆಂಪಕ್ಕ ನನ್ನ ಗಲ್ಲ ಹಿಂಡಿದ ಗುರುತು ಇನ್ನೂ ಇದೆ. ನಿನ್ನ ಗಂಡ ಏನೂ ಮಾತಾಡದೆ ನನ್ನ ಬ್ಯಾಗನ್ನು ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದು ತಂದರು. ಅದರಲ್ಲಿ ಇದ್ದದ್ದು ಒಂದು ಸೀರೆ, ಒಂದು ನೀರಿನ ಬಾಟಲಿ.

ಅವಳು ನನ್ನನ್ನು ನೋಡಿ ಕಿರುಚಿದಳಲ್ಲ! ಹಾಲು ಕೊಟ್ಟ ತಾಯಿ ಬಂದಳು, ಕೂಸು ಓಡಿ ಬಂದು ಅಪ್ಪಿಕೊಳ್ಳುತ್ತದೆ ಎಂದು ಕಾದಿದ್ದ ಓಣಿಯವರ ಮುಖ ನೋಡಬೇಕಿತ್ತು. ನಿನ್ನ ಸೆರಗಿನೊಳಗೆ ತಲೆ ಹುದುಗಿಸಿ, ನಾನು ಕಣ್ಣಿಗೆ ಬಿದ್ದಾಗಲೆಲ್ಲ ಹೊಸದಾಗಿ ಅತ್ತಳು. ನೀನು ನಾಚಿಕೆಯಿಂದ ಸತ್ತೆ. ನನಗೆ ಮಾತ್ರ ಸಮಾಧಾನವಾಯಿತು. ಅವಳಿಗೆ ಯಾವ ನೆನಪೂ ಇಲ್ಲ, ಯಾವ ಲೆಕ್ಕವೂ ಇಲ್ಲ. ಆರೋಗ್ಯವಾಗಿರುವ ಮಗು ಹೊಸಬರನ್ನು ಕಂಡರೆ ಅಳುತ್ತದೆ, ಅಷ್ಟೇ.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಊಟವಾದ ಮೇಲೆ ನೀನು ನಿಮ್ಮ ಹಟ್ಟಿಯ ಕುರಿಗಳಿಗೆ ನೀರಿಡುತ್ತೇನೆ ಎಂದು ಎದ್ದು ಹೋದೆ. ವಿನಯ್‌ರನ್ನೂ ಕರೆದುಕೊಂಡು ಹೋದೆ. ಕುರಿಗಳು ನಿನ್ನ ಗಂಡನ ಜತೆ ಹೊಲದಲ್ಲಿದ್ದವು ಎಂದು ನನಗೆ ಆಮೇಲೆ ಗೊತ್ತಾಯಿತು. ಅವಳನ್ನು ನನ್ನ ಹತ್ತಿರ ಬಿಟ್ಟು ಏಳುವುದು ನಿನಗೆ ಸುಲಭವಿರಲಿಲ್ಲ ಎಂದೂ ಗೊತ್ತು. ನೀನೇ ಬರೆದಿದ್ದೆಯಲ್ಲ.

ಒಳಗೆ ನಿನ್ನ ಅತ್ತೆ ಗೋಡೆಗೆ ಒರಗಿ ಇನ್ನೂ ಉಣ್ಣುತ್ತಿದ್ದರು, ನಾನು ಕಂಬದ ಹತ್ತಿರ ಕೂತಿದ್ದೆ. ಹಾಲಮ್ಮ ನೀನಿಲ್ಲದ್ದು ನೋಡಿ ತುಟಿ ಸೊಟ್ಟ ಮಾಡಿದಳು. ನಾನು ಅವಳ ಕಡೆ ನೋಡಲಿಲ್ಲ, ಕರೆಯಲಿಲ್ಲ. ಅವಳು ಅಜ್ಜಿಯ ತಟ್ಟೆಯಿಂದ ಒಂದು ಚೂರು ರೊಟ್ಟಿ ಎತ್ತಿಕೊಂಡು ಚೀಪುತ್ತಾ ನಿಂತಳು. ಆಮೇಲೆ ಎರಡು ಹೆಜ್ಜೆ ಇಟ್ಟಳು, ನಿಂತಳು, ನೋಡಿದಳು. ಮತ್ತೆ ಎರಡು. ನನ್ನ ಮಂಡಿಗೆ ಕೈ ಊರಿ ನಿಂತು ನನ್ನ ಮುಖವನ್ನು ಪರೀಕ್ಷೆ ಮಾಡಿದಳು. ಬಾಯಲ್ಲಿದ್ದ ರೊಟ್ಟಿ ತೆಗೆದು ನನ್ನ ತುಟಿಗೆ ಒತ್ತಿದಳು.

ನನ್ನ ಕೈ ತಡೆಯಲು ಎದ್ದಿತು. ಬೇಡ ಪುಟ್ಟಾ, ನೀನು ತಿನ್ನು ಎನ್ನಲು ಬಾಯಿ ತೆರೆದೆ. ತೆರೆದದ್ದೇ ತಡ, ಅವಳು ಇಡೀ ಚೂರನ್ನು ಒಳಗೆ ತುರುಕಿದಳು! ಬೆರಳ ಸಮೇತ! ಜೊಲ್ಲಿನಿಂದ ಮೆತ್ತಗಾದ ಜೋಳದ ರೊಟ್ಟಿ, ಮೇಲೆ ಒಂದಿಷ್ಟು ಉಪ್ಪು. "ತಗಳ್ರಿ ಪವಿತ್ರಮ್ಮಾರೆ, ಬಿಡಂಗಿಲ್ಲ ಅವಳು" ಎಂದರು ಗಾದ್ರಮ್ಮ, ತಲೆ ಎತ್ತದೆ.

ಅಗಿದೆ. ನುಂಗಿದೆ.

ಅವಳು ನನ್ನ ಗಲ್ಲ ಹಿಡಿದು ಬಾಯಿ ತೆರೆಸಿ, ಒಳಗೆ ಖಾಲಿಯಾಗಿದೆಯೇ ಎಂದು ಬಗ್ಗಿ ನೋಡಿದಳು. ಖಾಲಿಯಾಗಿತ್ತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಕೇಕೆ ಹಾಕಿ, ಇನ್ನೊಂದು ಚೂರು ತರಲು ತಟ್ಟೆಯ ಕಡೆ ಓಡಿದಳು, ಬಿದ್ದಳು, ಎದ್ದಳು, ಮತ್ತೆ ಓಡಿದಳು.

ನಾನು ಬಾಯಿ ತೆರೆದುಕೊಂಡೇ ಕಾದೆ.

ನಿನ್ನ ಅಕ್ಕ,
ಪವಿತ್ರ